ಒರೆಗಲ್ಲಿನಿಂದ ಎಕ್ಸ್‌ರೇಗೆ: ಹೊಸೂರಿನಲ್ಲಿ ಹೊಸತು ಸರಕಾದ ಬಗೆ

ಹೊಸ ತಂತ್ರ ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ಜನ ದುಡ್ಡು ಕೊಟ್ಟು ಕೊಳ್ಳುವ ಸರಕಾಗಿಯೋ ಸೇವೆಯಾಗಿಯೋ ಮಾಡುವುದು ಬೇರೆಯೇ ಕೆಲಸ. ಮೊದಲನೆಯದು ಆವಿಷ್ಕಾರ, ಎರಡನೆಯದು ನಾವೀನ್ಯ. ಕಂಡುಹಿಡಿದವರಿಗೇ ಲಾಭ ಸೇರುತ್ತದೆಂಬ ಖಾತ್ರಿಯಿಲ್ಲ. ಸಿ.ಟಿ. ಸ್ಕ್ಯಾನ್ ಯಂತ್ರವನ್ನು ರೂಪಿಸಿದ್ದು ಬ್ರಿಟನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲೂ ಬಂತು. ಆದರೆ ಆಸ್ಪತ್ರೆಗಳಿಗೆ ಯಂತ್ರ ಮಾರುವ, ಕೆಟ್ಟರೆ ರಿಪೇರಿ ಮಾಡಿಕೊಡುವ ಏರ್ಪಾಡು ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳ ಬಳಿ ಗಟ್ಟಿಯಾಗಿತ್ತು. ಮಾರುಕಟ್ಟೆ ಅವರ ಪಾಲಾಯಿತು, ಇಎಂಐ ಆ ವ್ಯಾಪಾರವನ್ನೇ ಬಿಟ್ಟಿತು. ಇದನ್ನು ಉದಾಹರಣೆಯಾಗಿ ಹಿಡಿದು ಅರ್ಥಶಾಸ್ತ್ರಜ್ಞ ಡೇವಿಡ್ ಟೀಸ್ 1986ರಲ್ಲಿ ಒಂದು ಪ್ರಬಂಧ ಬರೆದರು. ಹೊಸ ತಂತ್ರದಿಂದ ಹಣ ಹುಟ್ಟಬೇಕಾದರೆ ಅದರ ಪಕ್ಕದಲ್ಲಿ ಅಂಗಡಿ, ರಿಪೇರಿ, ತರಬೇತಿ, ಹೆಸರು ಇವೂ ಇರಬೇಕು ಎಂಬುದು ಅದರ ಸಾರ. ಇವುಗಳನ್ನು ಟೀಸ್ ಪೂರಕ ಆಸ್ತಿಗಳೆಂದು ಕರೆದರು.

ಈ ಮಾತನ್ನು ಕಣ್ಣಾರೆ ನೋಡಬೇಕೆಂದರೆ ಅತ್ತಿಬೆಲೆ ಗಡಿ ದಾಟಿದರೆ ಸಾಕು. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರು ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಊರು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಈ ಹಿಂದುಳಿದ ಸೀಮೆಯಲ್ಲಿ 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆ ಕೈಗಾರಿಕಾ ಬಡಾವಣೆ ಮಾಡಿತು. ಬಂದ ಕಾರ್ಖಾನೆಗಳಲ್ಲಿ ಈ ವಿಷಯಕ್ಕೆ ಹೆಚ್ಚು ಬೆಳಕು ಚೆಲ್ಲುವುದು ಟೈಟಾನ್.

ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಸೇರಿ 1984ರಲ್ಲಿ ಈ ಕಂಪನಿಯನ್ನು ಕಟ್ಟಿದವು. ಟಾಟಾ ಇಂಡಸ್ಟ್ರೀಸ್‌ನ ‘ಟೈ’ಗೆ ತಮಿಳುನಾಡಿನ ‘ಟಾನ್’ ಸೇರಿ ಹೆಸರಾಯಿತು. ಆಗ ದೇಶದ ಕೈಗಡಿಯಾರವೆಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅದರ ಗಡಿಯಾರ ವಿಭಾಗ ಭಾರತೀಯರ ಮಣಿಕಟ್ಟನ್ನು ಆಳುತ್ತಿತ್ತು. ಅದರ ಬಹುಪಾಲು ಗಡಿಯಾರಗಳು ದಿನಾ ಕೀಲಿ ಕೊಡಬೇಕಾದಂಥವು. ಟೈಟಾನ್ ನೆಚ್ಚಿಕೊಂಡದ್ದು ಕ್ವಾರ್ಟ್ಜ್ ತಂತ್ರವನ್ನು. ಪುಟ್ಟ ಬ್ಯಾಟರಿಯ ವಿದ್ಯುತ್ ಹರಿದಾಗ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಎಣಿಕೆಯನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟು 15 ಬಾರಿ ಅರ್ಧ ಮಾಡುತ್ತ ಬಂದರೆ ಕೊನೆಗೆ ಸೆಕೆಂಡಿಗೆ ಒಂದೇ ಮಿಡಿತ ಉಳಿಯುತ್ತದೆ. ಮುಳ್ಳು ಒಂದು ಹೆಜ್ಜೆ ಸರಿಯುತ್ತದೆ. ಸಮಯ ತಪ್ಪುವುದು ತೀರ ಕಡಿಮೆ.

ಆದರೆ ಈ ತಂತ್ರ ಟೈಟಾನ್‌ನ ಸ್ವಂತ ಸೊತ್ತಲ್ಲ. ಜಪಾನಿನ ಸೈಕೊ 1969ರಲ್ಲೇ ಕ್ವಾರ್ಟ್ಜ್ ಕೈಗಡಿಯಾರ ಮಾರಿತ್ತು. 1980ರ ದಶಕದ ಆರಂಭದಲ್ಲಿ ಎಚ್‌ಎಂಟಿಯೂ ತಯಾರಿಸಿತ್ತು. ಟೈಟಾನ್‌ನ ಮೊದಲ ವ್ಯವಸ್ಥಾಪಕ ನಿರ್ದೇಶಕ ಜೆರ್ಕ್ಸಿಸ್ ದೇಸಾಯಿ ಹಿಡಿದ ದಾರಿಯ ಹೊಸತನವಿದ್ದದ್ದು ಮಾರುವ ರೀತಿಯಲ್ಲಿ. ಗಡಿಯಾರಗಳ ಚಿತ್ರವನ್ನೂ ಬೆಲೆಯನ್ನೂ ಪತ್ರಿಕೆಯ ಜಾಹೀರಾತಿನಲ್ಲೇ ಸಾಲಾಗಿ ಅಚ್ಚು ಹಾಕಿಸಿದರು. ಗಿರಾಕಿ ಮನೆಯಲ್ಲೇ ಆರಿಸಿಕೊಂಡು ಅಂಗಡಿಗೆ ಬರಬಹುದಾಗಿತ್ತು. ಮೊಜಾರ್ಟ್‌ನ 25ನೇ ಸಿಂಫನಿಯ ತುಣುಕು ಟಿ.ವಿ. ಜಾಹೀರಾತಿನ ಗುರುತಾಯಿತು. ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಮೊದಲ ಮಳಿಗೆ ತೆರೆಯಿತು: ಬೆಳಕು, ಸಾಲು ಸಾಲು ಮಾದರಿ, ಒತ್ತಾಯವಿಲ್ಲದೆ ನೋಡುವ ಅವಕಾಶ. ಹೊತ್ತು ತಿಳಿಯುವ ಉಪಕರಣ ಉಡುಗೊರೆಯೂ ಆಯಿತು, ಒಡವೆಯೂ ಆಯಿತು.

ಪೂರಕ ಆಸ್ತಿ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೂ ಇದೇ ಕಂಪನಿ ಸಾಕ್ಷಿ. 1990ರ ದಶಕದಲ್ಲಿ ಟೈಟಾನ್ ಯುರೋಪಿಗೆ ಹೋಯಿತು. ಹೊಸೂರಿನ ಕಾರ್ಖಾನೆ ಅದೇ, ಕೆಲಸದ ಕೈಗಳೂ ಅವೇ. ಆದರೆ ಅಲ್ಲಿ ಹೆಸರಿನ ಬಲವಿರಲಿಲ್ಲ, ನಂಬಿ ಬರುವ ಗಿರಾಕಿಯಿರಲಿಲ್ಲ. ವರ್ಷಗಟ್ಟಲೆ ನಷ್ಟ ಉಂಡು ಹಿಂದೆ ಸರಿಯಬೇಕಾಯಿತು.

ಅದಕ್ಕಿಂತ ದೊಡ್ಡ ಪಾಠ ಚಿನ್ನದ್ದು. ಗಡಿಯಾರದ ಬಿಡಿಭಾಗಗಳ ಆಮದಿಗೆ ವಿದೇಶಿ ವಿನಿಮಯ ಬೇಕಿತ್ತು; ಅದನ್ನು ಗಳಿಸಲು ಒಡವೆ ರಫ್ತು ಮಾಡುವ ಯೋಜನೆ ಹುಟ್ಟಿತು. ಅಷ್ಟರಲ್ಲಿ 1991ರ ಆರ್ಥಿಕ ಸುಧಾರಣೆ ಬಂದು ವಿನಿಮಯದ ಬಿಕ್ಕಟ್ಟು ಸಡಿಲವಾಯಿತು. 1990ರ ದಶಕದ ಮಧ್ಯದಲ್ಲಿ ತನಿಷ್ಕ್ ಎಂಬ ಹೆಸರಿನಲ್ಲಿ ದೇಶದೊಳಗೇ ಮಾರಾಟ ಶುರುವಾಯಿತು. ಮೊದಲ ಮಳಿಗೆ ಚೆನ್ನೈಯಲ್ಲಿ. ಯುರೋಪಿನ ರುಚಿಗೆ ಹೊಂದುವ 18 ಕ್ಯಾರೆಟ್ ಒಡವೆ, ಅಂದರೆ ನೂರರಲ್ಲಿ 75 ಪಾಲು ಚಿನ್ನ. ನಮ್ಮಲ್ಲಿ ಚಿನ್ನವೆಂದರೆ ಆಪತ್ತಿಗಾಗುವ ಆಸ್ತಿ, ಮಗಳ ಮದುವೆಗೆ ಕೂಡಿಟ್ಟ ಗಂಟು. 22 ಕ್ಯಾರೆಟ್ಟಿಗಿಂತ ಕಡಿಮೆಯದನ್ನು ಕೊಳ್ಳುವವರು ಯಾರು? ವ್ಯಾಪಾರ ನಷ್ಟದಲ್ಲೇ ನಡೆಯಿತು. ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಜನ ಆ ವಸ್ತುವನ್ನು ಏಕೆ ಕೊಳ್ಳುತ್ತಾರೆಂಬುದನ್ನು ತಪ್ಪು ತಿಳಿದರೆ ಹೀಗಾಗುತ್ತದೆ.

ಕಂಪನಿಯನ್ನು ಮೇಲೆತ್ತಿದ್ದು ಕ್ಯಾರಟ್‌ಮೀಟರ್ ಎಂಬ ಎಕ್ಸ್‌ರೇ ಯಂತ್ರ. ಚಿನ್ನ ಪರೀಕ್ಷಿಸಲು ಅಕ್ಕಸಾಲಿಗ ತಲೆತಲಾಂತರದಿಂದ ಬಳಸಿದ್ದು ಒರೆಗಲ್ಲು: ಕರಿಕಲ್ಲಿನ ಮೇಲೆ ಗೀಚಿ, ಆಮ್ಲ ಹಚ್ಚಿ, ಗೆರೆಯ ಬಣ್ಣ ನೋಡಿ ಹೇಳುವುದು. ಅದರಲ್ಲಿ ಅನುಭವವಿದೆ, ಆದರೆ ತೀರ್ಪು ಪೂರ್ತಿ ಮಾರುವವನ ಕಣ್ಣಿನಲ್ಲಿದೆ. ಎಕ್ಸ್‌ರೇ ಯಂತ್ರ ಕೆಲಸ ಮಾಡುವ ಬಗೆ ಬೇರೆ. ಎಕ್ಸ್‌ಕಿರಣ ತಾಗಿದಾಗ ಚಿನ್ನ, ಬೆಳ್ಳಿ, ತಾಮ್ರದ ಪರಮಾಣುಗಳು ತಮ್ಮದೇ ಗುರುತಿನ ಕಿರಣಗಳನ್ನು ಮರಳಿ ಹೊಮ್ಮಿಸುತ್ತವೆ. ಅವುಗಳನ್ನು ಅಳೆದರೆ ಯಾವ ಲೋಹ ಎಷ್ಟಿದೆಯೆಂದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಒಡವೆ ಗೀಚಬೇಕಿಲ್ಲ, ಕರಗಿಸಬೇಕಿಲ್ಲ. ಕಿರಣ ಓದುವುದು ಮೇಲ್ಪದರವನ್ನು ಮಾತ್ರ. ಒಳಗಿನ ಮೋಸ ಹೊರಬರಲು ಕರಗಿಸಲೇಬೇಕು ಎಂಬ ಮಿತಿ ಇದ್ದೇ ಇದೆ.

ಈ ಯಂತ್ರವೂ ಕಂಪನಿಯ ಆವಿಷ್ಕಾರವಲ್ಲ. ಪ್ರಯೋಗಾಲಯಗಳಲ್ಲಿ ಮೊದಲಿನಿಂದ ಇತ್ತು. ಅದನ್ನು ತಂದು ಗಿರಾಕಿಯ ಎದುರಿಗಿಟ್ಟದ್ದೇ ಹೊಸತು. ಸೊಸೆಗೆ ಹಾಕಿದ ಬಳೆ, ಅಜ್ಜಿ ಕೊಟ್ಟ ಸರ ಯಾವುದನ್ನಾದರೂ ತಂದು ಪರೀಕ್ಷಿಸಿಕೊಳ್ಳಬಹುದಿತ್ತು. 22 ಎಂದು ದುಡ್ಡು ಕೊಟ್ಟದ್ದು ಅದಕ್ಕಿಂತ ಕೆಳಗಿರುವುದು ಅನೇಕರಿಗೆ ಅಲ್ಲಿಯೇ ಗೊತ್ತಾಯಿತು. ಪರೀಕ್ಷೆ ಅಲ್ಲಿಗೇ ನಿಂತಿದ್ದರೆ ಗಿರಾಕಿ ನೊಂದುಕೊಂಡು ಮನೆಗೆ ಹೋಗುತ್ತಿದ್ದರು. ಅದಕ್ಕೆ ಇನ್ನೊಂದು ಸೇವೆ ಜೋಡಿಸಲಾಯಿತು: 19 ಕ್ಯಾರೆಟ್ಟಿಗಿಂತ ಮೇಲಿದ್ದ ಹಳೆಯ ಒಡವೆ ಕೊಟ್ಟು, ಮಜೂರಿಯಷ್ಟೇ ತೆತ್ತು 22 ಕ್ಯಾರೆಟ್ಟಿನ ಒಡವೆ ಒಯ್ಯುವ ಯೋಜನೆ. ಚಿನ್ನದ ವ್ಯತ್ಯಾಸವನ್ನು ಕಂಪನಿಯೇ ಭರಿಸಿತು. ಯಂತ್ರ ಸಂಶಯ ಹುಟ್ಟಿಸಿತು, ವಿನಿಮಯ ಅದನ್ನು ನಂಬಿಕೆಯಾಗಿ ತಿರುಗಿಸಿತು. ಸೇವಾ ನಾವೀನ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಸುತ್ತಮುತ್ತ ಸಿಗುವುದು ಕಷ್ಟ.

ಇಂಥ ಮುನ್ನಡೆ ಸದಾಕಾಲ ಒಬ್ಬರದೇ ಆಗಿ ಉಳಿಯುವುದಿಲ್ಲ. ಎಕ್ಸ್‌ರೇ ಯಂತ್ರ ಬೇರೆ ಅಂಗಡಿಗಳಿಗೂ ಬಂತು. ಭಾರತೀಯ ಮಾನಕ ಬ್ಯೂರೊ 2000ದಲ್ಲಿ ಆರಂಭಿಸಿದ ಚಿನ್ನದ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಒಂದು ಕಂಪನಿಯ ಹೆಗ್ಗಳಿಕೆಯಾಗಿದ್ದ ಶುದ್ಧತೆ ಎಲ್ಲರ ಮೇಲಿನ ನಿಯಮವಾಯಿತು. ಗಿರಾಕಿಯ ಮಟ್ಟಿಗೆ ಒಳ್ಳೆಯದೇ ಆಯಿತು. ತಿಂಗಳ ಕಂತು ಕಟ್ಟಿ ಕೊನೆಗೆ ಒಡವೆ ಒಯ್ಯುವ ಯೋಜನೆಗೂ ಕಾನೂನು ತಗುಲಿತು. 365 ದಿನ ಮೀರಿದ ಮುಂಗಡ ಠೇವಣಿಯೆನಿಸುತ್ತದೆ ಎಂದು 2014ರ ನಿಯಮ ಹೇಳಿದ್ದರಿಂದ ಒಡವೆ ಕಂಪನಿಗಳು ಕಂತಿನ ಅವಧಿ ಮೊಟಕುಗೊಳಿಸಬೇಕಾಯಿತು. ಹೊಸ ಸೇವೆ ರೂಪಿಸುವವರು ಕಾನೂನಿನ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ತಂತ್ರವನ್ನು ಸ್ವಂತವಾಗಿ ಬೆಳೆಸಿದ್ದಕ್ಕೂ ಹೊಸೂರಿನಲ್ಲಿ ನಿದರ್ಶನವಿದೆ. ವರ್ಷಗಳ ಪ್ರಯತ್ನದ ನಂತರ 2002ರಲ್ಲಿ ಬಂದ ಟೈಟಾನ್ ಎಡ್ಜ್ ಗಡಿಯಾರದ ದಪ್ಪ 3.5 ಮಿ.ಮೀ., ಒಳಗಿನ ಯಂತ್ರದ್ದು ಬರೀ 1.15 ಮಿ.ಮೀ. ಅಷ್ಟು ತೆಳುವಿನಲ್ಲಿ ನೀರು ಹೋಗದಂತೆ ಮುಚ್ಚುವುದೇ ಕಠಿಣ ಕೆಲಸವಾಗಿತ್ತು. ಕೂದಲೆಳೆಯ ನಿಖರತೆಯಲ್ಲಿ ಪಳಗಿದ ಕೈ ಗಡಿಯಾರಕ್ಕೇ ನಿಲ್ಲಲಿಲ್ಲ: ಇತರ ಕಾರ್ಖಾನೆಗಳಿಗೆ ಸ್ವಯಂಚಾಲಿತ ಯಂತ್ರ, ವಿಮಾನೋದ್ಯಮಕ್ಕೆ ಬಿಡಿಭಾಗ ಮಾಡಿಕೊಡುವ ಪ್ರತ್ಯೇಕ ಕಂಪನಿಯೇ ಇದೇ ಊರಿನಲ್ಲಿ ಬೆಳೆಯಿತು. ಇಂಥ ಕೌಶಲ ಪಕ್ಕದ ಹಳ್ಳಿಗಳಿಗೂ ಹರಿದದ್ದು ಹೆಚ್ಚು ಮಂದಿಗೆ ತಿಳಿದಿಲ್ಲ. ಮೈರಾಡ ಸಂಸ್ಥೆಯ ನೆರವಿನಿಂದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ‘ಮೆಡೋ’ ಎಂಬ ಸಂಸ್ಥೆ ಕಟ್ಟಿ, ಗಡಿಯಾರದ ಲೋಹಪಟ್ಟಿ ಜೋಡಿಸುವಂಥ ಕೆಲಸಗಳನ್ನು ಟೈಟಾನ್‌ಗೆ ಮಾಡಿಕೊಟ್ಟರು.

ಇದೇ ಊರಿನಲ್ಲಿ ದ್ವಿಚಕ್ರ ವಾಹನ ತಯಾರಿಸುವ ಟಿವಿಎಸ್‌ನ ಕಥೆ ಇನ್ನೊಂದು ಬಗೆಯದು. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಇಬ್ಬರು ಕೂರಬಹುದಾದ ಮೊಪೆಡ್. ಆ ಸಾಲಿನ ಮುಂದಿನ ಗಾಡಿಗಳಲ್ಲಿ ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಹೇರುವುದು ಈ ಸೀಮೆಯ ರೈತರಿಗೆ ರೂಢಿಯಾಯಿತು. ಬಳಸುವವರು ಕಂಡುಕೊಂಡ ಉಪಯೋಗ ತಯಾರಕರಿಗೇ ದಾರಿ ತೋರಿತು. ಸುಜುಕಿ ಜೊತೆಗಿನ ಪಾಲುದಾರಿಕೆ 2001ರಲ್ಲಿ ಮುಗಿದ ಮೇಲೆ ಸ್ವಂತ ವಿನ್ಯಾಸದ ವಿಕ್ಟರ್ ಬೈಕು ಕಂಪನಿಯನ್ನು ಎತ್ತಿ ನಿಲ್ಲಿಸಿತು. 2002ರಲ್ಲಿ ಗುಣಮಟ್ಟಕ್ಕಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿಯೂ ಸಿಕ್ಕಿತು.

ಈಗ ಅದೇ ಹೆದ್ದಾರಿಯ ಸುತ್ತ ವಿದ್ಯುತ್ ಸ್ಕೂಟರ್‌ಗಳ ಕಾಲ. ಮದ್ರಾಸ್ ಐಐಟಿಯ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ತನ್ನ ಕಾರ್ಖಾನೆಯನ್ನು ಹೊಸೂರಿನಲ್ಲಿ ಮಾಡಿತು. ಓಲಾದ ದೊಡ್ಡ ಕಾರ್ಖಾನೆ ಇದೇ ಜಿಲ್ಲೆಯ ಪೋಚಂಪಳ್ಳಿ ಬಳಿ ಬಂತು. ಏಥರ್ 2018ರಲ್ಲಿ ಬೆಂಗಳೂರಿನಲ್ಲಿ ಮೊದಲ ಸ್ಕೂಟರ್ ಮಾರುವ ಹೊತ್ತಿಗೆ ನಗರದಲ್ಲಿ ಚಾರ್ಜಿಂಗ್ ತಾಣಗಳನ್ನೂ ನಿಲ್ಲಿಸಿತ್ತು. ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ಏನು ಗತಿ ಎಂಬುದು ಕೊಳ್ಳುವವರ ಮೊದಲ ಅಂಜಿಕೆ. ಉತ್ತರ ಸ್ಕೂಟರಿನೊಳಗೆ ಇರಲಿಲ್ಲ, ರಸ್ತೆ ಬದಿಯಲ್ಲಿತ್ತು. ಏಥರ್ ತಾನು ರೂಪಿಸಿದ ಚಾರ್ಜಿಂಗ್ ಕನೆಕ್ಟರನ್ನು ಮುಚ್ಚಿಟ್ಟುಕೊಳ್ಳದೆ ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಬೇರೆಯವರ ಗಾಡಿಗಳೂ ಅದನ್ನೇ ಬಳಸಿದರೆ ಚಾರ್ಜಿಂಗ್ ತಾಣಗಳು ಹೆಚ್ಚುತ್ತವೆ, ತನ್ನ ಗಿರಾಕಿಗೂ ಅನುಕೂಲ ಎಂಬ ಲೆಕ್ಕ ಅದು. 2023ರಲ್ಲಿ ಮಾನಕ ಬ್ಯೂರೊ ಅದನ್ನು ಭಾರತೀಯ ಮಾನಕವಾಗಿ ಒಪ್ಪಿತು. ಹೀರೊ ಕಂಪನಿಯ ವಿಡಾ ಸ್ಕೂಟರ್‌ಗಳಿಗೂ ಅದೇ ತಾಣಗಳು ತೆರೆದುಕೊಂಡವು.