ರ‍್ಯಾಮ್ ಹಾಕಿಸಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗ್ತಿದೆಯಾ? ಫಾರ್ಮ್ಯಾಟ್‌ಗೆ ಕೊಡೋ ಮುಂಚೆ ಇದನ್ನ ಓದಿ

ಕಿರಾಣಿ ಅಂಗಡಿ, ಮೆಡಿಕಲ್, ಗೊಬ್ಬರದ ಅಂಗಡಿ, ಜೆರಾಕ್ಸ್ ಸೆಂಟರ್ ಎಲ್ಲಿ ನೋಡಿದ್ರೂ ಬಿಲ್ಲಿಂಗ್‌ಗೆ ಒಂದು ಕಂಪ್ಯೂಟರ್ ಇದ್ದೇ ಇರುತ್ತೆ. ಹಲವು ಕಡೆ ಎಂಟು-ಹತ್ತು ವರ್ಷ ಹಳೇದು. ಹೊಸದು ತಗೊಳ್ಳೋದು ದುಬಾರಿ, ಅದಕ್ಕೆ 4 ಜಿಬಿ ಇದ್ದ ಕಡೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸ್ತಾರೆ. ಒಂದೆರಡು ದಿನ ಚೆನ್ನಾಗಿ ಓಡುತ್ತೆ. ಆಮೇಲೆ ಬಿಲ್ ಹೊಡೀತಿರುವಾಗಲೇ ಮೌಸ್ ನಿಂತುಬಿಡುತ್ತೆ, ಯಾವ ಬಟನ್ ಒತ್ತಿದ್ರೂ ಅಲ್ಲಾಡಲ್ಲ. ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕು.

ರಿಪೇರಿಗೆ ಕೊಟ್ರೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು." ಆದ್ರೆ ನಿನ್ನೆವರೆಗೂ ಸರಿಯಿದ್ದ ಕಂಪ್ಯೂಟರ್ ರ‍್ಯಾಮ್ ಹಾಕಿದ ಮೇಲೆ ಹ್ಯಾಂಗ್ ಆಗ್ತಿದ್ರೆ ಮೊದಲು ಅನುಮಾನಿಸಬೇಕಾದ್ದು ಆ ರ‍್ಯಾಮ್ ಅನ್ನೇ. ಅದನ್ನ ತೆಗೆದು ನೋಡೋಕೆ ಹತ್ತು ನಿಮಿಷ ಸಾಕು. ಫಾರ್ಮ್ಯಾಟ್ ಮಾಡಿದ್ರೆ ಸಿ ಡ್ರೈವ್‌ನಲ್ಲಿರೋ ಲೆಕ್ಕವೆಲ್ಲ ಹೋಗಬಹುದು. ರ‍್ಯಾಮ್ ಕೆಟ್ಟಿದ್ರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಹಾದು ಇನ್‌ಸ್ಟಾಲ್ ಆಗುತ್ತೆ. ಹಾಗಾಗಿ ಸಮಸ್ಯೆ ಮತ್ತೆ ಅಲ್ಲೇ ಬಂದು ನಿಲ್ಲುತ್ತೆ.

ಬರೀ ಹ್ಯಾಂಗ್ ಅಲ್ಲ, ಲೆಕ್ಕಕ್ಕೂ ಕುತ್ತು

ನೀವು ಟೈಪ್ ಮಾಡಿದ ಬಿಲ್ ಹಾರ್ಡ್ ಡಿಸ್ಕ್‌ಗೆ ಹೋಗೋ ಮುಂಚೆ ರ‍್ಯಾಮ್‌ನಲ್ಲಿ ಇರುತ್ತೆ. ರ‍್ಯಾಮ್‌ನ ಯಾವುದೋ ಒಂದು ಜಾಗ ಕೆಟ್ಟಿದ್ರೆ ಅಲ್ಲಿಟ್ಟ ಸಂಖ್ಯೆ ಬದಲಾಗಬಹುದು. ಒಂದೇ ಒಂದು ಬಿಟ್ ತಿರುಗಿದ್ರೂ 1000 ಅನ್ನೋದು 1016 ಆಗಬಲ್ಲದು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನ ತಾನೇ ಹಿಡಿಯೋ ಇಸಿಸಿ ಅನ್ನೋ ರ‍್ಯಾಮ್ ಇರುತ್ತೆ. ನಮ್ಮ ಅಂಗಡಿ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಹೆಚ್ಚಿನ ಸಲ ಆಗೋದು ಏನಂದ್ರೆ ಡೇಟಾ ಫೈಲ್ ಹಾಳಾಗಿ ಅಕೌಂಟಿಂಗ್ ಸಾಫ್ಟ್‌ವೇರ್ ತೆರೆಯೋದೇ ಇಲ್ಲ. ಸೇವ್ ಆಗ್ತಿರೋವಾಗ ಹ್ಯಾಂಗ್ ಆಗಿ ಸ್ವಿಚ್ ಆಫ್ ಮಾಡಿದ್ರೂ ಇದೇ ಗತಿ.

ತಿಂಗಳ ರಿಟರ್ನ್ ಹಾಕೋ ವ್ಯಾಪಾರಿಗಳಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಕೊನೇ ತಾರೀಕು. 3ಬಿ ತಡವಾದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ನಿಲ್ ರಿಟರ್ನ್ ಆದ್ರೆ 20 ರೂಪಾಯಿ. ಇದು ಕಟ್ಟಬಹುದಾದ ದುಡ್ಡು. ಆದ್ರೆ ಇಡೀ ತಿಂಗಳ ಬಿಲ್ ಮತ್ತೆ ಎಂಟ್ರಿ ಮಾಡೋದು ಬೇರೇನೇ ಕಷ್ಟ.

ಮೊದಲ ಕೆಲಸ: ತೆಗೀರಿ, ಬ್ಯಾಕಪ್ ಮಾಡಿ

ಹ್ಯಾಂಗ್ ಶುರುವಾದ ದಿನವೇ ಹೊಸ ರ‍್ಯಾಮ್ ತೆಗೆದು, ಹಳೇ ರ‍್ಯಾಮ್ ಒಂದರಲ್ಲೇ ಕಂಪ್ಯೂಟರ್ ಆನ್ ಮಾಡಿ. ಸ್ಲೋ ಆದ್ರೂ ಪರವಾಗಿಲ್ಲ. ಅಕೌಂಟಿಂಗ್ ಸಾಫ್ಟ್‌ವೇರ್‌ನ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಹಳೇ ಬ್ಯಾಕಪ್ ಮೇಲೆ ಮಾತ್ರ ಹೊಸದನ್ನ ಹಾಕಬೇಡಿ, ತಾರೀಕು ಬರೆದು ಬೇರೆ ಫೋಲ್ಡರ್‌ನಲ್ಲಿಡಿ. ಹೊಸದು ಹಾಳಾಗಿದ್ರೆ ಹಳೇದಾದ್ರೂ ಉಳಿಯುತ್ತೆ. ರ‍್ಯಾಮ್ ಹಾಕಿದ ದಿನದಿಂದ ಆದ ಎಂಟ್ರಿಗಳನ್ನ ಬಿಲ್ ಬುಕ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಒಮ್ಮೆ ತಾಳೆ ನೋಡಿ.

ತೆಗೆಯೋದು ಹೇಗೆ? ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಅದು ಆನ್ ಇದ್ರೆ ಶಟ್ ಡೌನ್ ಮಾಡಿದ್ರೂ ಪೂರ್ತಿ ಆಫ್ ಆಗಿರಲ್ಲ. ಶಿಫ್ಟ್ ಬಟನ್ ಒತ್ತಿ ಹಿಡಿದುಕೊಂಡು ಶಟ್ ಡೌನ್ ಕ್ಲಿಕ್ ಮಾಡಿ. ವೈರ್ ಅನ್ನ ಗೋಡೆಯ ಪ್ಲಗ್‌ನಿಂದಲೇ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡೀರಿ. ಕೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಇದ್ರೆ ಹೋಗಲಿ ಅಂತ ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ಆಮೇಲೆ ಸ್ಲಾಟ್‌ನ ತುದಿಯ ಕ್ಲಿಪ್ ಬಿಡಿಸಿ ರ‍್ಯಾಮ್ ಮೇಲಕ್ಕೆ ಎತ್ತಿ. ಕೀಲಿನ ಹತ್ತಿರದ ಚಿನ್ನದ ಬಣ್ಣದ ಪಟ್ಟಿಯನ್ನ ಮಾತ್ರ ಬೆರಳಿಂದ ಮುಟ್ಟಬೇಡಿ.

ಸ್ಲಾಟ್‌ಗೆ ಕೂತ್ರೂ ಹ್ಯಾಂಗ್ ಯಾಕೆ?

ಡಿಡಿಆರ್3, ಡಿಡಿಆರ್4, ಡಿಡಿಆರ್5 ಮೂರಕ್ಕೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ. ಹಾಗಾಗಿ ರ‍್ಯಾಮ್ ಸರಿಯಾಗಿ ಕೂತಿದೆ ಅಂದ್ರೆ ತಲೆಮಾರು ಹೊಂದಿದೆ ಅಂತಷ್ಟೇ ಅರ್ಥ. ಇನ್ನೂ ನೋಡಬೇಕಾದ್ದು ಇದೆ.

ಒಂದು, ವೋಲ್ಟೇಜ್. ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35 ವೋಲ್ಟ್. ಎರಡೂ ಒಂದೇ ಸ್ಲಾಟ್‌ಗೆ ಕೂರುತ್ತೆ. ಆದ್ರೆ 3ಎಲ್ ಮಾತ್ರ ಬೇಕು ಅನ್ನೋ ಲ್ಯಾಪ್‌ಟಾಪ್‌ಗೆ ಬರೀ ಡಿಡಿಆರ್3 ಹಾಕಿದ್ರೆ ಆನ್ ಆಗದೆ ಇರಬಹುದು, ಇಲ್ಲವೇ ನಡುವೆ ನಿಲ್ಲಬಹುದು.

ಎರಡು, "ಎಎಂಡಿ ಓನ್ಲಿ" ರ‍್ಯಾಮ್. ಕಡಿಮೆ ರೇಟಿಗೆ ಸಿಗೋ ಕೆಲವು ಡಿಡಿಆರ್3 ರ‍್ಯಾಮ್‌ಗಳ ಚಿಪ್ ಜೋಡಣೆ ಬೇರೆ ಥರ, ಇಂಟೆಲ್ ಬೋರ್ಡ್‌ಗೆ ಆಗಿಬರಲ್ಲ. ಆನ್‌ಲೈನ್‌ನಲ್ಲಿ ತಗೊಳ್ಳುವಾಗ ವಿವರ ಪೂರ್ತಿ ಓದಿ.

ಮೂರು, ಸ್ಪೀಡ್. 1333 ಮತ್ತು 1600 ಒಟ್ಟಿಗೆ ಹಾಕಿದ್ರೆ ಸಾಮಾನ್ಯವಾಗಿ ಎರಡೂ 1333ಕ್ಕೆ ಇಳಿದು ಓಡುತ್ತೆ, ಅದರಲ್ಲಿ ತೊಂದರೆ ಇಲ್ಲ. ಆದ್ರೂ ಬೇರೆ ಬೇರೆ ಕಂಪನಿ ರ‍್ಯಾಮ್ ಜೋಡಿ ಕೆಲವು ಬೋರ್ಡ್‌ನಲ್ಲಿ ಕೂಡಿಬರಲ್ಲ. ಒಂದೊಂದೇ ಹಾಕಿದ್ರೆ ಸರಿ, ಎರಡೂ ಸೇರಿದ್ರೆ ಹ್ಯಾಂಗ್.

ನಾಲ್ಕು, ಬೋರ್ಡ್‌ನ ಮಿತಿ. ಹಳೇ ಕಂಪ್ಯೂಟರ್‌ಗಳಲ್ಲಿ ತುಂಬಾ ಕಾಣೋ ಇಂಟೆಲ್ ಎಚ್61 ಚಿಪ್‌ಸೆಟ್ ಎರಡು ಸ್ಲಾಟ್ ಸೇರಿ 16 ಜಿಬಿವರೆಗೆ ಮಾತ್ರ ತಗೊಳ್ಳುತ್ತೆ.

ತಪ್ಪು ಯಾವುದರದ್ದು? ಒಂದೊಂದಾಗಿ ನೋಡಿ

1. ಹಳೇ ರ‍್ಯಾಮ್ ಮಾತ್ರ, ಅದರ ಹಳೇ ಸ್ಲಾಟ್‌ನಲ್ಲೇ. ಅರ್ಧ ದಿನ ಕೆಲಸ ಮಾಡಿ.
2. ಹೊಸ ರ‍್ಯಾಮ್ ಮಾತ್ರ, ಅದೇ ಸ್ಲಾಟ್‌ನಲ್ಲಿ. ಇಲ್ಲಿ ಹ್ಯಾಂಗ್ ಆದ್ರೆ ಹೊಸ ರ‍್ಯಾಮ್ ಕೆಟ್ಟಿದೆ, ಇಲ್ಲಾ ಬೋರ್ಡ್‌ಗೆ ಹೊಂದಲ್ಲ.
3. ಹಳೇ ರ‍್ಯಾಮ್ ಅನ್ನ ಎರಡನೇ ಸ್ಲಾಟ್‌ಗೆ ಹಾಕಿ. ಇಲ್ಲಿ ಹ್ಯಾಂಗ್ ಆದ್ರೆ ಸ್ಲಾಟ್‌ನದ್ದೇ ತೊಂದರೆ. ಧೂಳು ಕೂತಿರಬಹುದು, ಬ್ಲೋವರ್ ಹಿಡಿದು ಮತ್ತೆ ನೋಡಿ.
4. ಮೂರರಲ್ಲೂ ಸರಿಯಿದ್ದು, ಎರಡೂ ಸೇರಿದಾಗ ಮಾತ್ರ ಹ್ಯಾಂಗ್ ಆದ್ರೆ ಜೋಡಿ ಕೂಡಿಬಂದಿಲ್ಲ.

ಹಾಕುವಾಗ ಎರಡೂ ಕಡೆ ಟಕ್ ಅನ್ನೋವರೆಗೂ ಒತ್ತಬೇಕು. ಅರ್ಧ ಕೂತ ರ‍್ಯಾಮ್ ಕೂಡ ಹ್ಯಾಂಗ್‌ಗೆ ಕಾರಣವೇ.

ಇಲ್ಲಿಗೆ ಅನುಮಾನ ಯಾವುದರ ಮೇಲೆ ಅಂತ ಗೊತ್ತಾಗುತ್ತೆ. ಖಚಿತ ಮಾಡ್ಕೊಳ್ಳೋಕೆ ವಿಂಡೋಸ್‌ನಲ್ಲೇ ಟೆಸ್ಟ್ ಇದೆ. ಸ್ಟಾರ್ಟ್ ಒತ್ತಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ, ರೀಸ್ಟಾರ್ಟ್ ಕೊಡಿ. ಟೆಸ್ಟ್ ಶುರುವಾದಾಗ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆಯ್ಕೆ ಮಾಡಿದ್ರೆ ಇನ್ನೂ ಆಳವಾಗಿ ನೋಡುತ್ತೆ. ಇದಕ್ಕಿಂತ ಗಟ್ಟಿ ಟೆಸ್ಟ್ ಮೆಮ್‌ಟೆಸ್ಟ್86+, ಉಚಿತ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಆನ್ ಮಾಡಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಶುರು ಮಾಡಿ ಬೆಳಿಗ್ಗೆ ನೋಡಿ. ಇದು ಹಾರ್ಡ್ ಡಿಸ್ಕ್ ಮುಟ್ಟಲ್ಲ, ನಡುವೆ ಕರೆಂಟ್ ಹೋದ್ರೂ ನಿಮ್ಮ ಲೆಕ್ಕಕ್ಕೆ ಏನೂ ಆಗಲ್ಲ. ಒಂದೇ ಒಂದು ಎರರ್ ಬಂದ್ರೂ ಆ ಸೆಟ್ಟಿಂಗ್‌ನಲ್ಲಿ ಆ ರ‍್ಯಾಮ್ ನಂಬೋ ಹಾಗಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋ ಆಯ್ಕೆ ಆನ್ ಇದ್ರೆ ಆಫ್ ಮಾಡಿ ಮತ್ತೆ ಟೆಸ್ಟ್ ಮಾಡಿ. ಅದು ರ‍್ಯಾಮ್ ಅನ್ನ ಮಾಮೂಲಿಗಿಂತ ಜಾಸ್ತಿ ಸ್ಪೀಡಿನಲ್ಲಿ ಓಡಿಸುತ್ತೆ, ಕೆಲವು ಬೋರ್ಡ್‌ಗೆ ಅದು ತಡೆಯಲ್ಲ.

ರ‍್ಯಾಮ್ ತೆಗೆದರೂ ಹ್ಯಾಂಗ್ ಆದ್ರೆ?

ಆಗ ಕಾರಣ ಬೇರೆ ಇದೆ. ರ‍್ಯಾಮ್ ಹಾಕುವಾಗ ಕೈ ತಾಗಿ ಹಾರ್ಡ್ ಡಿಸ್ಕ್‌ನ ಕೇಬಲ್ ಸಡಿಲ ಆಗಿರಬಹುದು, ಪ್ರೊಸೆಸರ್ ಮೇಲಿನ ಫ್ಯಾನ್ ಅಲ್ಲಾಡಿರಬಹುದು. ಆನ್ ಮಾಡಿ ಹತ್ತು-ಹದಿನೈದು ನಿಮಿಷಕ್ಕೆ ಸರಿಯಾಗಿ ನಿಲ್ತಿದ್ರೆ ಬಿಸಿಯ ಅನುಮಾನ. ಹಾರ್ಡ್ ಡಿಸ್ಕ್ ಲೈಟ್ ಆರದೇ ಉರೀತಿದ್ರೆ ಡಿಸ್ಕ್ ಅನ್ನೇ ಚೆಕ್ ಮಾಡಿಸಿ, ಬ್ಯಾಕಪ್ ಅಂತೂ ಅವತ್ತೇ ಆಗಬೇಕು.

ತಗೊಳ್ಳೋ ಮುಂಚೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ನೋಡಿ. ಕೆಲಸ ನಡೆಯೋವಾಗ ರ‍್ಯಾಮ್ ಅರ್ಧವೂ ತುಂಬದೆ, ಡಿಸ್ಕ್ ಮಾತ್ರ ಯಾವಾಗ್ಲೂ 100% ತೋರಿಸ್ತಿದ್ರೆ ನಿಮಗೆ ಬೇಕಿರೋದು ರ‍್ಯಾಮ್ ಅಲ್ಲ, ಎಸ್‌ಎಸ್‌ಡಿ. 32 ಬಿಟ್ ವಿಂಡೋಸ್ ಇದ್ರೆ 4 ಜಿಬಿಗಿಂತ ಜಾಸ್ತಿ ಹಾಕಿದ್ದು ಉಪಯೋಗಕ್ಕೇ ಬರಲ್ಲ.

ಅಂಗಡಿಗೆ ಹೋಗುವಾಗ ಹಳೇ ರ‍್ಯಾಮ್‌ನ ಸ್ಟಿಕ್ಕರ್ ಫೋಟೋ ತಗೊಂಡು ಹೋಗಿ. "ಹೊಂದದಿದ್ರೆ ಬದಲಾಯಿಸಿ ಕೊಡ್ತೀರಾ?" ಅಂತ ಮೊದಲೇ ಕೇಳಿ. ರ‍್ಯಾಮ್‌ನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಗೊಳ್ಳಿ. ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ. ಕೆಟ್ಟ ರ‍್ಯಾಮ್ ಕೊಟ್ಟು ಬದಲಾಯಿಸಿ ಕೊಡಲ್ಲ ಅಂದ್ರೆ ಬಿಲ್ ಮತ್ತು ಟೆಸ್ಟ್‌ನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.