ಕರಿ ಸೀರೆಯ ಶುಭ

ಜಪಾನಿನ ಮದುವೆ ಮನೆಯಲ್ಲಿ ವಧುವಿನ ತಾಯಿ ಉಡುವುದು ಕಪ್ಪು ರೇಷ್ಮೆಯ ಕಿಮೋನೊ. ಮೇಲ್ಭಾಗವೆಲ್ಲ ಅಚ್ಚ ಕಪ್ಪು, ಐದು ಕಡೆ ಮನೆತನದ ಬಿಳಿ ಲಾಂಛನ. ಚಿತ್ತಾರ ಏನಿದ್ದರೂ ಸೊಂಟದ ಕೆಳಗೆ: ದೀರ್ಘಾಯುಷ್ಯದ ಕ್ರೌಂಚ, ಚಳಿಗೆ ಜಗ್ಗದ ಪೈನ್ ಮತ್ತು ಬಿದಿರು, ಹಿಮ ಕರಗುವ ಮೊದಲೇ ಅರಳುವ ಪ್ಲಮ್ ಹೂವು. ಕುರೊತೊಮೆಸೊದೆ ಎಂಬ ಈ ಕಿಮೋನೊ ಮದುವೆಯಾದ ಹೆಂಗಸರ ಉಡುಗೆಗಳಲ್ಲಿ ಎಲ್ಲಕ್ಕಿಂತ ಗೌರವದ್ದು. ಕಳೆದ ಶತಮಾನದ ಮೊದಲರ್ಧದವರೆಗೂ ಎಷ್ಟೋ ಮದುವಣಗಿತ್ತಿಯರು ಸ್ವತಃ ಕಪ್ಪು ಕಿಮೋನೊ ಉಟ್ಟು ಹಸೆಗೆ ಬಂದಿದ್ದಾರೆ.

ಶುಭಕಾರ್ಯಕ್ಕೆ ಕಪ್ಪೇ ಎಂದು ಹುಬ್ಬೇರಿಸುವವರು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅಜ್ಜಿಯರನ್ನು ಕೇಳಬೇಕು. ಅವರಿಗೆ ಚಂದ್ರಕಾಳಿ ಗೊತ್ತು. ಕಸೂತಿ ಹಾಕಿದ ಈ ಕರಿ ಸೀರೆ ಮುಂಬೈ ಕರ್ನಾಟಕದ ಮದುವಣಗಿತ್ತಿಗೆ ಕೊಡುವ ಸೀರೆಗಳಲ್ಲಿ ಇರಲೇಬೇಕಿತ್ತು. ಗಡಿಯಾಚೆಯ ಮರಾಠಿ ಮನೆಗಳಲ್ಲೂ ಸಂಕ್ರಾಂತಿಗೆ ಕರಿ ಸೀರೆಯೇ. ಚಳಿಯಲ್ಲಿ ಕಪ್ಪು ಮೈ ಬೆಚ್ಚಗಿಡುತ್ತದೆ ಎಂಬುದು ಹಿರಿಯರು ಹೇಳುವ ಕಾರಣ. ದೃಷ್ಟಿ ತಾಗದಿರಲೆಂದು ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವ ಊರಿನಲ್ಲಿ ಕಪ್ಪು ಕಾಯುವ ಬಣ್ಣವೂ ಹೌದು.

ಚಂದ್ರಕಾಳಿ ಎರಡು ಕೈಗಳಲ್ಲಿ ಮುಗಿಯುತ್ತಿತ್ತು. ದಡಿ, ಸೆರಗು ನೇಕಾರನದು. ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವ ತೋಪತೆನಿ ವಿದ್ಯೆಯೇ ಒಂದು ಬೆರಗು. ಬರಿದಾಗಿ ಉಳಿದ ಕರಿ ಒಡಲನ್ನು ತುಂಬುವುದು ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ.

ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ನೂಲಿಗೆ ಗಂಟು ಹಾಕುವುದಿಲ್ಲ. ಎಳೆ ಎಣಿಸುತ್ತ ಹೋಗಬೇಕು. ಗಾವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ ಚಿತ್ರ. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದಕ್ಕೂ ಒಳಗು ಹೊರಗು ಎಂಬ ಭೇದವಿಲ್ಲ. ನೇಯ್ಗೆ ಎಂಬ ಹೊಲಿಗೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಮಾತ್ರ ಕತ್ತರಿ ಹೊಲಿಗೆ, ಅದರ ಹಿಂಬದಿ ಬೇರೆ. ಎಳೆ ಒಂದು ತಪ್ಪಿದರೆ ಗೋಪುರ ವಾಲುತ್ತದೆ, ಬಿಚ್ಚಿ ಮತ್ತೆ ಮೊದಲಿನಿಂದ. ಕರಿ ಬಟ್ಟೆಯಲ್ಲಂತೂ ಎಳೆ ಕಣ್ಣಿಗೆ ಹತ್ತುವುದೇ ಕಷ್ಟ. ಅಷ್ಟು ಕಣ್ಣು ಸವೆಸಿದವರ ಹೆಸರು ಸೀರೆಯಲ್ಲಿ ಎಲ್ಲಿಯೂ ಇಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಚಿತ್ರಗಳಿಗೂ ಕ್ರಮವಿದೆ. ಸೆರಗಿನ ಹತ್ತಿರ ದೊಡ್ಡವು: ಗೋಪುರ, ತೇರು, ಅಂಬಾರಿಯ ಆನೆ, ತುಳಸಿ ಕಟ್ಟೆ, ನಂದಿ. ದೂರ ಸರಿದಂತೆ ಕಿರಿದಾಗುತ್ತ ಗಿಳಿ, ಕಮಲ, ಕೊನೆಗೆ ಬರೀ ಚಿಕ್ಕಿ. ಜಪಾನಿನವರು ಬಯಲ ಹಕ್ಕಿಯನ್ನೂ ಗಿಡವನ್ನೂ ಹರಕೆಯಾಗಿ ಉಟ್ಟರೆ, ನಮ್ಮವರು ಜಾತ್ರೆಯನ್ನೇ ಮೈಮೇಲೆ ಹೊದ್ದರು. ಹುಟ್ಟಿದ ಕೂಸಿನ ಕುಂಚಿಗೆ, ಕುಲಾವಿಗೂ ಇದೇ ಚಿತ್ರಗಳು ಏರಿದವು.

ಸೀರೆಯ ನೂಲು, ಬಣ್ಣ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾದವು. 1887ರಲ್ಲಿ ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಗಿರಣಿ ನೂಲಿನ ಮುಂದೆ ಕೈನೂಲು ಹಿಂದೆ ಸರಿಯಿತು. 1897ರಲ್ಲಿ ಜರ್ಮನಿಯ ಕಾರ್ಖಾನೆ ನೀಲಿ ಮಾರುಕಟ್ಟೆಗೆ ಬಂತು, ಗಿಡದ ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಕಪ್ಪಿಗೆ ತರುವ ಬಣ್ಣಗಾರರ ಕಸುಬಿಗೆ ಪೆಟ್ಟು ಬಿತ್ತು. ಜಪಾನಿಗೆ ಹೋಗಿಬಂದ ಜೆಮ್ಶೆಟ್‌ಜಿ ಟಾಟಾ ಅದೇ ದಶಕದ ಕೊನೆಗೆ ಬೆಂಗಳೂರಿನಲ್ಲಿ ರೇಷ್ಮೆ ತೋಟ ಹಾಕಿಸಿ, ಹುಳು ಸಾಕಣೆ ಕಲಿಸಲು ಅಲ್ಲಿಂದಲೇ ಪರಿಣತರನ್ನು ಕರೆಸಿದರು. ಕಿಮೋನೊ ನಾಡಿನ ರೇಷ್ಮೆ ವಿದ್ಯೆ ಕನ್ನಡ ನಾಡಿಗೆ ಬಂದ ದಾರಿಗಳಲ್ಲಿ ಇದೂ ಒಂದು.

ಈಗ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಜೊತೆಗೇ ಯಂತ್ರದ ಕಸೂತಿ, ಅಚ್ಚು ಒತ್ತಿದ ಕಸೂತಿಯೂ ಅಂಗಡಿಗೆ ಬಂದಿವೆ. ಅವು ಅಗ್ಗ, ಬೇಗ ಸಿಗುತ್ತವೆ. ಕೊಳ್ಳುವವರನ್ನು ದೂರುವಂತಿಲ್ಲ. ಆದರೆ ಅಂಗಡಿಯವರು ಕೈಕಸೂತಿ ಎಂದು ಹೇಳಿ ಕೈಕಸೂತಿಯ ಬೆಲೆ ಕೇಳಿದಾಗ ಗಾವಂತಿಯ ಗೋಪುರ ಇರುವ ಕಡೆ ಸೀರೆಯನ್ನು ತಿರುವಿ ನೋಡಿ. ಹಿಂದೆಯೂ ಅದೇ ಗೋಪುರ ಇರಬೇಕು, ಗಂಟು ಇರಬಾರದು.