ಸಿಂಹಸಂತತಿ ಮತ್ತು ವಂಶವೈವಿಧ್ಯ

ಒಂದೇ ತಾಯಿಮರದ ಕಾಯಿಗಳಿಂದ ಇಡೀ ತೋಟವನ್ನೆಬ್ಬಿಸಿದರೆ ಮರಗಳ ಸಂಖ್ಯೆಗೇನೂ ಕೊರತೆಯಾಗದು. ಆದರೆ ತಾಯಿಯಲ್ಲಿದ್ದ ಕುಂದು ಸಸಿಗಳಿಗೂ ಇಳಿದು, ತಗುಲಿದ ರೋಗವು ಒಂದು ಮರಕ್ಕೆ ನಿಲ್ಲದೆ ತೋಟವನ್ನೇ ವ್ಯಾಪಿಸೀತು. ತೆಂಗಿನ ಸೀಮೆಯವರಾದ ನಮಗೆ ಇದು ಹೊಸ ಮಾತಲ್ಲ. ವನರಾಜನೆನಿಸಿದ ಸಿಂಹಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಒಮ್ಮೆ ಉತ್ತರ ಭಾರತದಲ್ಲೆಲ್ಲ ಸಂಚರಿಸುತ್ತಿದ್ದ ಸಿಂಹವು ಬೇಟೆಗೆ ಬಲಿಯಾಗುತ್ತ ಬಂದು, 20ನೆಯ ಶತಮಾನದ ಆರಂಭಕ್ಕೆ ಗುಜರಾತಿನ ಗಿರ್ ಅರಣ್ಯದಲ್ಲಿ ಮಾತ್ರ ಅತ್ಯಲ್ಪ ಸಂಖ್ಯೆಯಲ್ಲಿ ಉಳಿಯಿತು. ಜುನಾಗಢದ ನವಾಬರ ರಕ್ಷಣೆಯಿಂದ ಬದುಕಿದ ಆ ಸಂತತಿ 2025ರ ಗಣತಿಯಲ್ಲಿ 891ಕ್ಕೆ ಏರಿದುದು ಸಂತೋಷದ ಸಂಗತಿ. ಆದರೆ ಅವೆಲ್ಲವೂ ಕೆಲವೇ ಪೂರ್ವಜರ ಪೀಳಿಗೆ. ತಂದೆತಾಯಿಗಳ ಗುಣಗಳನ್ನು ಮರಿಗೆ ಸಾಗಿಸುವ ಸೂಕ್ಷ್ಮಾಂಶಕ್ಕೆ ವಂಶವಾಹಿಯೆಂದು ಹೆಸರು. 1980ರ ದಶಕದಲ್ಲಿ ಗಿರ್ ಮೂಲದ ಸಿಂಹಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಈ ವಂಶವಾಹಿಗಳಲ್ಲಿ ವೈವಿಧ್ಯ ತೀರ ಕಡಿಮೆಯಾಗಿ ಕಂಡಿತು. ಗಂಡುಗಳಲ್ಲಿ ವಿಕೃತ ವೀರ್ಯಾಣುಗಳ ಪ್ರಮಾಣವು ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲಿದ್ದುದಕ್ಕಿಂತ ಬಹಳ ಹೆಚ್ಚಾಗಿತ್ತು.

ಹಾಗಾದರೆ ಹೊರಗಿನ ರಕ್ತವನ್ನು ಬೆರೆಸಿದರಾಗದೆ? ತಿಳಿಯದೆ ಬೆರೆಸಿದ್ದೂ ಉಂಟು. ಸರ್ಕಸ್ಸು, ಮೃಗಾಲಯಗಳಲ್ಲಿ ಆಫ್ರಿಕದ ಮತ್ತು ಏಷ್ಯದ ಸಿಂಹಗಳು ಕೂಡಿ ಸಂಕರ ಸಂತತಿ ದೇಶದಲ್ಲಿ ಹರಡಿತು. ನಮ್ಮ ಬನ್ನೇರುಘಟ್ಟದಲ್ಲಿಯೂ ಅಂಥವು ಆಶ್ರಯ ಪಡೆದವು. ಹೊರನೋಟಕ್ಕೆ ಸುಲಭವಾಗಿ ಗೋಚರಿಸದ ಈ ಭೇದವನ್ನು ವಂಶವಾಹಿಯ ಪರೀಕ್ಷೆ ಬಯಲು ಮಾಡಿತು. ಸಾವಿರಾರು ವರ್ಷಗಳಿಂದ ಈ ನೆಲಕ್ಕೆ ಒಗ್ಗಿದ ತಳಿ ಕರಗಿಹೋಗಬಾರದೆಂದು, ಸಂಕರ ಸಿಂಹಗಳ ಸಂತಾನವನ್ನು ಬೆಳೆಸದೆ ಅವುಗಳನ್ನು ಆಯುಷ್ಯವಿರುವವರೆಗೆ ಸಲಹುವುದೇ ನೀತಿಯಾಯಿತು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಸಿಂಹಗಳು ದಕ್ಷಿಣ ಆಫ್ರಿಕದವುಗಳಿಗಿಂತ ನಮ್ಮ ಸಿಂಹಕ್ಕೇ ಸಮೀಪದ ಬಂಧುಗಳೆಂಬುದೂ ಇಂಥ ಪರೀಕ್ಷೆಗಳಿಂದಲೇ ತಿಳಿಯಿತು. 2017ರ ವರ್ಗೀಕರಣವು ಇದನ್ನು ಅಂಗೀಕರಿಸಿತು.

ವೈವಿಧ್ಯ ಕುಗ್ಗಿದ ಸಂತತಿಯೆಲ್ಲವೂ ಒಂದೆಡೆಯೇ ಇದ್ದರೆ ಅಪಾಯ ಇಮ್ಮಡಿ. 2018ರಲ್ಲಿ ಕೆಲವೇ ವಾರಗಳಲ್ಲಿ ಗಿರ್‌ನ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು; ಹಲವುಗಳಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವಿಷಾಣು ಪತ್ತೆಯಾಯಿತು. ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಒಯ್ಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ಆದೇಶಿಸಿತ್ತು. 2022ರಲ್ಲಿ ಅಲ್ಲಿಗೆ ಆಫ್ರಿಕದಿಂದ ಚೀತಾಗಳು ಬಂದವು, ಸಿಂಹ ಬರಲಿಲ್ಲ.

ಎರಡನೆಯ ನೆಲೆಯೆಂಬುದು ಇಲ್ಲದ ವೈವಿಧ್ಯವನ್ನು ಸೃಷ್ಟಿಸಲಾರದು, ಇರುವುದನ್ನು ಕಾಪಾಡಬಲ್ಲುದು. ಅದಕ್ಕಾಗಿ ಒಂದೇ ಹಿಂಡಿನ ಒಡಹುಟ್ಟುಗಳನ್ನು ಒಯ್ಯದೆ, ಪರೀಕ್ಷಿಸಿ, ದೂರದ ಸಂಬಂಧದವುಗಳನ್ನು ಆರಿಸಬೇಕು. ಬಿತ್ತನೆಗೆ ಹಲವು ತಾಯಿಮರಗಳ ಕಾಯಿಗಳನ್ನಾಯುವ ತೋಟಗಾರನ ವಿವೇಕವೂ ಇದೇ. ತಲೆ ಎಣಿಸಿದ ಮಾತ್ರಕ್ಕೆ ವಂಶ ಉಳಿಯದು. ಆ ತಲೆಗಳಲ್ಲಿ ಎಷ್ಟು ಬಗೆಯ ಬೀಜ ಅಡಗಿದೆಯೆಂಬುದನ್ನೂ ಎಣಿಸಬೇಕು.